ಕೆಮ್ಮು ಬಾರದವರ ಡಾಕ್ಟರು

ಹಾವಿಗೆ ನೆಗಡಿಯಾದರೆ ಅದು ಮೂಗನ್ನು ಯಾವುದರಿಂದ ಒರೆಸಿಕೊಳ್ಳುತ್ತದೆ, ಹೇಳಿ ನೋಡೋಣ?

ಗೊತ್ತಿಲ್ಲ ತಾನೆ. ನನಗೂ ಗೊತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನಲ್ಲಿ ಮಗಳ ಮನೆಗೆ ಬಂದು ನೆಲೆಸಿದ ಮೇಲೆ, ನಾನು ಇದನ್ನು ಕಲಿತೆ. ಒಂದು ಕಡೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ಇನ್ನೊಂದು ಕಡೆ ಪಿಟ್ಜಾ ಅಂಗಡಿ, ನಡುವೆ ಒಂದು ಸಣ್ಣ ಪ್ರಾಣಿಗಳ ಕ್ಲಿನಿಕ್ಕು. ಅಲ್ಲಿ ಕಲಿಸಿದವರು ಹೋದ ತಿಂಗಳು ತೀರಿಕೊಂಡರು. ಮೊಮ್ಮಗಳು ಈಚೆಗೆ ತಾನೇ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟಿದ್ದಾಳೆ. ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಮೊದಲು ಕುಟ್ಟಬೇಕು ಅನ್ನಿಸಿದ್ದು ಅವರ ವಿಷಯವೇ.

ಹೆಸರು ಹಾಕುವುದಿಲ್ಲ. ಒಮ್ಮೆ ಇಲ್ಲಿಯ ಯಾವುದೋ ಪೇಪರಿನವರು ಅವರ ಫೋಟೋ ತೆಗೆಯಲು ಬಂದಿದ್ದರಂತೆ. "ನಂದ್ಯಾಕ, ಈ ಆಮೀದು ತಗೀರಿ, ಇದಕ್ಕ ನನಗಿಂತ ವಯಸ್ಸಾಗೈತಿ" ಎಂದು ಮೇಜಿನ ಮೇಲಿದ್ದ ಆಮೆಯನ್ನು ತೋರಿಸಿ ಒಳಗೆ ಹೋದರಂತೆ. ಪೇಪರಿನಲ್ಲಿ ಆಮೆಯೇ ಬಂತು. ಹಾಗಾಗಿ ನನಗೆ ಅವರು ಬರೀ ಡಾಕ್ಟರಮ್ಮ.

ಧಾರವಾಡದ ಕಡೆಯವರು. ಕುಳ್ಳಗೆ, ಅರವತ್ತರ ಆಚೆ. ಬಿಳಿ ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ನು ಸಿಕ್ಕಿಸಿರುವರು, ಆಮೇಲೆ ಪೆನ್ನಿಗಾಗಿ ಇಡೀ ಕ್ಲಿನಿಕ್ಕು ಹುಡುಕುವರು. ಮಧ್ಯಾಹ್ನ ಶೇಂಗಾ ಚಟ್ನಿ ಸವರಿದ ಜೋಳದ ರೊಟ್ಟಿಯನ್ನು ಸುರುಳಿ ಸುತ್ತಿಕೊಂಡು ನಿಂತೇ ತಿನ್ನುವರು. ಭುಜದ ಮೇಲೆ ಯಾರದೋ ಗಿಳಿ ಕೂತಿದ್ದರೆ ಅದಕ್ಕೂ ಒಂದು ಚೂರು. ಬಂದವರು ಯಾರೇ ಆಗಲಿ, ಹೆಂಗಸಾದರೆ ಅಕ್ಕಾರು, ಗಂಡಸಾದರೆ ತಮ್ಮ. ನನ್ನೊಬ್ಬಳನ್ನು ಮಾತ್ರ ಅಜ್ಜಿ ಅಂದರು. ಆ ಸಿಟ್ಟು ನನಗೆ ಇನ್ನೂ ಇದೆ.

ಹಾವನ್ನು ಮುಟ್ಟುವ ಮುಂಚೆ ಅಂಗೈಗಳನ್ನು ಉಜ್ಜಿ, ಎರಡನ್ನೂ ಕಂಕುಳಲ್ಲಿ ಸೇರಿಸಿಕೊಂಡು ಸುಮ್ಮನೆ ನಿಲ್ಲುವರು. ಮೊದಲ ಸಲ ನೋಡಿದಾಗ, ಇದೇನು ಈಯಮ್ಮ ಮುನಿಸಿಕೊಂಡ ಮಗುವಿನ ಹಾಗೆ ನಿಂತಿದ್ದಾರೆ ಎಂದುಕೊಂಡೆ. ಕೇಳಿಯೂ ಬಿಟ್ಟೆ.

"ಹಾವಿಗೆ ತನ್ನ ಮೈಯಾಗ ಬೆಂಕಿ ಇಲ್ಲಜ್ಜಿ," ಅಂದರು. "ಹೊರಗಿಂದು ತಗೊಂಡ ಬದುಕತೈತಿ. ತಣ್ಣನ ಕೈ ಹಚ್ಚಿದ್ರ ಅದರ ಬೆಂಕಿ ನಾವು ಕಸಗೊಂಡಂಗ."

ನಾನು ಅಲ್ಲಿಗೆ ಹೋದದ್ದು ನನ್ನ ಗೆಳತಿ ವತ್ಸಲಳ ಹಾವಿಗಾಗಿ. ವತ್ಸಲ ನಮ್ಮ ಬೀದಿಯವಳೇ, ಮೈಸೂರಿನ ಹುಡುಗಿ. ನಮ್ಮ ವಯಸ್ಸಿನವರನ್ನು ಹುಡುಗಿ ಅನ್ನಲು ನನಗೆ ಯಾರ ಅಪ್ಪಣೆಯೂ ಬೇಡ. ಅವಳ ಯಜಮಾನರು ಇಲ್ಲಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ರಿಟೈರ್ ಆದ ವರ್ಷ, ಮನೆ ಖಾಲಿ ಮಾಡಿ ಹೋಗುತ್ತಿದ್ದ ಪಕ್ಕದ ಮನೆಯವರಿಂದ ಒಂದು ಹಾವು ತಂದುಕೊಂಡರು. ಬಾಲ್ ಪೈಥಾನ್ ಎಂದು ಹೆಸರು. ಹೆಬ್ಬಾವಿನ ಕುಲ, ಆದರೆ ಮೊಳಕೈಯಷ್ಟು ದಪ್ಪವೂ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುರುಳಿ ಸುತ್ತಿ ತಲೆ ಒಳಗಿಟ್ಟುಕೊಳ್ಳುತ್ತದೆ. ಮೇಷ್ಟ್ರು ಅದಕ್ಕೆ ಗುಂಡ ಎಂದು ಹೆಸರಿಟ್ಟರು. ಅದರ ಊಟಕ್ಕೆ ಸತ್ತ ಇಲಿಗಳನ್ನು ಮಂಜು ಕಟ್ಟಿಸಿ ಮಾರುತ್ತಾರೆ. ಬೆಳ್ಳುಳ್ಳಿಯೂ ಹೊಗದ ವತ್ಸಲಳ ಮನೆಗೆ ಇಲಿ ಬಂತು. ಅದಕ್ಕೆಂದೇ ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ ಇಟ್ಟರು.

ಮೇಷ್ಟ್ರು ಒಂದು ಬೇಸಿಗೆಯಲ್ಲಿ ಆಸ್ಪತ್ರೆ ಸೇರಿ, ಎದೆಯಲ್ಲಿ ನೀರು ತುಂಬಿ ಹೋಗಿಬಿಟ್ಟರು. ಹಾವು ಉಳಿಯಿತು. ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳಿದರು. ವತ್ಸಲ ಕೊಡಲಿಲ್ಲ. ಮುಖ ಆ ಕಡೆ ತಿರುಗಿಸಿ, ಇಕ್ಕಳದಲ್ಲಿ ಇಲಿ ಹಿಡಿದು, ಶ್ರೀಹರಿ ಶ್ರೀಹರಿ ಎನ್ನುತ್ತಾ ಗಾಜಿನ ಪೆಟ್ಟಿಗೆಯೊಳಗೆ ಬಿಡುವಳು. ಪೆಟ್ಟಿಗೆ ಇದ್ದದ್ದು ದೇವರ ಗೂಡು ಇದ್ದ ಕೋಣೆಯಲ್ಲೇ. ಸಂಜೆ ದೀಪ ಹಚ್ಚಿ ಸ್ತೋತ್ರ ಹೇಳುವಾಗ ಅವಳಿಗೆ ಇದ್ದ ಜೊತೆ ಅದೊಂದೇ.

ಚಳಿ ಶುರುವಾದಾಗ ಒಂದು ಸಂಜೆ ನನಗೆ ಫೋನು ಮಾಡಿದಳು. "ಬಾರೇ ಬೇಗ. ನಾನು ಸ್ತೋತ್ರ ಹೇಳ್ತಿದ್ರೆ ತಲೆ ಎತ್ತಿ ಕೇಳ್ತಿದಾರೆ."

"ಯಾರೇ?"

"ಇನ್ಯಾರು. ಅವರು."

ಹೋಗಿ ನೋಡಿದೆ. ನಿಜವೇ. ಗುಂಡ ಮೈಯನ್ನು ಗಾಜಿಗೆ ಒರಗಿಸಿ, ಕುತ್ತಿಗೆ ನೆಟ್ಟಗೆ ಮಾಡಿ, ಮೂತಿ ಆಕಾಶಕ್ಕೆ ಎತ್ತಿ, ಬಾಯಿ ಒಂದಿಷ್ಟು ತೆರೆದು ನಿಂತಿತ್ತು. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಕೈ ತಾನಾಗಿಯೇ ಮುಗಿಯಿತು. ಅಂದಿನಿಂದ ಗುಂಡ ಎನ್ನುವ ಹೆಸರು ಹೋಯಿತು, ಏಕವಚನವೂ ಹೋಯಿತು. ವತ್ಸಲಳ ಪಾಲಿಗೆ ಪೆಟ್ಟಿಗೆಯೊಳಗೆ ಇದ್ದದ್ದು ಮೇಷ್ಟ್ರೇ. ಸಂಜೆ ನಮ್ಮ ಜೊತೆ ವಾಕಿಂಗ್ ಬರುವ ಹೆಂಗಸರು ಬಾಳೆಹಣ್ಣು ಹಿಡಿದು ನೋಡಲು ಬಂದರು. ಹಾವು ಇಲಿ ತಿನ್ನುವುದನ್ನೂ ಬಿಟ್ಟಿತು. "ಕಾರ್ತೀಕ ಮಾಸ ಅಲ್ವೇನೇ, ಉಪವಾಸ ಇದಾರೆ" ಅಂದಳು ವತ್ಸಲ. ಯಾರೂ ನಗಲಿಲ್ಲ. ಬೇಸಿಗೆಯ ನಂತರ ಆ ಮುಖದಲ್ಲಿ ಬೆಳಕು ಕಂಡದ್ದು ಆಗಲೇ.

ಆದರೆ ಮಾರ್ಗಶಿರ ಬಂದರೂ ಉಪವಾಸ ಮುಗಿಯಲಿಲ್ಲ. ಒಂದು ದಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಮೂಗಿನ ಒಂದು ಹೊಳ್ಳೆಯಲ್ಲಿ ಸಣ್ಣ ಗುಳ್ಳೆ ಉಬ್ಬಿ ಒಡೆಯಿತು. ಮತ್ತೆ ಉಬ್ಬಿತು. ಉಸಿರಿನ ಜೊತೆ ಚಿಟಿಕೆ ಹೊಡೆದ ಹಾಗೆ ಸಣ್ಣ ಸದ್ದು. ನಾನು ಮೂರು ಮಕ್ಕಳನ್ನು, ನಾಲ್ಕು ಮೊಮ್ಮಕ್ಕಳನ್ನು ಸಾಕಿದವಳು. ಗೊಣ್ಣೆ ನನಗೆ ಗೊತ್ತು. ಊಟ ಬಿಟ್ಟಿರುವ ನೆಪ ಹೇಳಿ ವತ್ಸಲಳನ್ನು ಹೊರಡಿಸಿದೆ. ಹಾವನ್ನು ಮೇಷ್ಟ್ರ ದಿಂಬಿನ ಗೌಸಿನೊಳಗೆ ಹಾಕಿ, ಗೌಸಿನ ಬಾಯಿಗೆ ಗಂಟು ಕಟ್ಟಿ, ನನ್ನ ಮಡಿಲಲ್ಲಿ ಇಟ್ಟಳು. ರೂಟ್ ನೈನ್ ಹೆದ್ದಾರಿಯಲ್ಲಿ ಎಲ್ಲರೂ ನಮಗೆ ಹಾರ್ನ್ ಹೊಡೆಯುವಷ್ಟು ನಿಧಾನವಾಗಿ ಕಾರು ಓಡಿಸಿದಳು.

"ಯಾವಾಗಿಂದ ಊಟ ಬಿಟ್ಟೈತ್ರಿ?" ಡಾಕ್ಟರಮ್ಮ ಕೇಳಿದರು. ನಾವು ಕನ್ನಡದವರೆಂದು ಬಾಗಿಲಲ್ಲೇ ನಮ್ಮ ಜಗಳ ಕೇಳಿ ತಿಳಿದುಕೊಂಡಿದ್ದರು.

"ಕಾರ್ತೀಕದಿಂದ ಅವರು ಏನೂ ತಗೊಂಡಿಲ್ಲ."

"ಯಾರ್ರಿ?"

"ಇವರು," ಎಂದು ವತ್ಸಲ ದಿಂಬಿನ ಗೌಸು ತೋರಿಸಿದಳು.

ಡಾಕ್ಟರಮ್ಮ ಗೌಸನ್ನು ನೋಡಿದರು, ಅವಳ ಬೋಳು ಹಣೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಏನೋ ಹೇಳಲು ಹೋದೆ. ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ಬೇರೆ ಯಾರೇ ಆಗಿದ್ದರೂ ನಕ್ಕುಬಿಡುತ್ತಿದ್ದರು. ಇವರು ಕಂಕುಳಿನಿಂದ ಕೈ ತೆಗೆದು, "ಆತ್ರಿ. ಇವರ ಬಾಯಿ ಒಂದೀಟು ತಗದು ನೋಡೂಣು" ಅಂದರು. ಆಮೇಲೆ ಕೊನೆಯವರೆಗೂ ಆ ಹಾವಿಗೆ ಅವರು ಬಹುವಚನ ತಪ್ಪಿಸಲಿಲ್ಲ.

ಬಾಯಿಯೊಳಗೆ ಅಂಟು ನೊರೆ, ಎಳೆದರೆ ದಾರದ ಹಾಗೆ ಬರುತ್ತಿತ್ತು. ಆಮೇಲೆ ಸ್ಟೆತಸ್ಕೋಪು. ಒಂದು ತೆಳು ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ ಹಾವಿನ ಮೈಮೇಲೆ ಹೊದಿಸಿದರು. ಇಲ್ಲದಿದ್ದರೆ ಹುರುಪೆ ತಿಕ್ಕುವ ಸದ್ದೇ ಕಿವಿ ತುಂಬುತ್ತದಂತೆ. "ಶ್" ಅಂದರು. ನಾವು ಸುಮ್ಮನಾದೆವು. ಸಾಲದು ಎಂದು ಔಷಧಿ ಇಟ್ಟಿದ್ದ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತರು. ಕಣ್ಣು ಮುಚ್ಚಿಕೊಂಡು ಕೇಳಿದರು. ಎಷ್ಟು ಹೊತ್ತು ಎಂದರೆ, ಇವರಿಗೆ ನಿದ್ದೆ ಬಂತೇನೋ ಎಂದು ನಾನು ವತ್ಸಲಳ ಮೊಣಕೈ ತಿವಿದೆ.

"ತಲಿ ಎತ್ತೂದು ಯಾವಾಗಿಂದ?"

"ನಾನು ಸ್ತೋತ್ರ ಹೇಳುವಾಗ ಎತ್ತುತಾರೆ. ಕೇಳಿಸ್ಕೋತಾರೆ ಡಾಕ್ಟ್ರೇ. ಪೂರ್ತಿ ಮುಗಿಯೋವರ್ಗೂ."

ಡಾಕ್ಟರಮ್ಮ ನಮಗೆ ಬೆನ್ನು ಹಾಕಿ ಕೈ ತೊಳೆಯತೊಡಗಿದರು. ಕೈ ಚೊಕ್ಕಟವಾದ ಮೇಲೂ ತೊಳೆಯುತ್ತಲೇ ಇದ್ದರು. ಆಮೇಲೆ ಸ್ಟೂಲು ಎಳೆದುಕೊಂಡು ಅವಳ ಎದುರು ಕೂತರು.

"ಅಕ್ಕಾರ, ಒಂದ ಮಾತು ಹೇಳ್ತೀನಿ. ಸಿಟ್ಟು ಬಂದ್ರ ನನ್ನ ಮ್ಯಾಲ ಮಾಡ್ರಿ, ಇವರ ಮ್ಯಾಲ ಬ್ಯಾಡ. ಹಾವಿಗೆ ಕೆಮ್ಮಾಕ ಬರಂಗಿಲ್ರಿ. ನಮ್ಮ ಎದಿ ಕೆಳಗ ಒಂದು ಪರದಾ ಐತಿ, ಅದು ಒತ್ತತೈತಿ, ನಾವು ಕೆಮ್ಮಿ ಕಫಾ ಹೊರಗ ಹಾಕ್ತೀವಿ. ಇವರಿಗೆ ಅದು ಇಲ್ಲ. ಇವರ ಜಾತಿಗೆ ಉಸರಾಡೂ ಪುಪ್ಪಸಾ ಎರಡಿದ್ರೂ ಒಂದು ಸಣ್ಣದು, ಕೆಲಸೆಲ್ಲಾ ದೊಡ್ಡದರದ. ಅದರಾಗ ಕಫಾ ತುಂಬೈತಿ. ಕುತ್ತಿಗಿ ಮ್ಯಾಲೆತ್ತಿದ್ರ ಉಸರಿಗೆ ಒಂದೀಟು ದಾರಿ. ಹೊಳ್ಯಾಗ ಮುಳಗೂ ಮನಶ್ಯಾ ಮೂಗು ಮ್ಯಾಲ ಹಿಡೀತಾನಲ್ರಿ, ಹಂಗ."

ವತ್ಸಲ ಅಳಲಿಲ್ಲ. ದಿಂಬಿನ ಗೌಸನ್ನು ಮಡಿಚಿದಳು, ಬಿಚ್ಚಿದಳು.

"ಔಷಧಿ ಕೊಟ್ರೆ ತಲೆ ಎತ್ತೋದು ನಿಲ್ಲುತ್ತಾ?"

"ನಿಲ್ತೈತ್ರಿ."

"ಕೊಡದೇ ಇದ್ರೆ?"

"ಅದೂ ನಿಲ್ತೈತ್ರಿ. ಆದ್ರ ಆಗ ಇವರ ಇರಂಗಿಲ್ಲ."

ಅವಳು ಹಾವನ್ನು ಗೌಸಿನೊಳಗೆ ಇಳಿಸಿಕೊಂಡು ಎದ್ದಳು. ಡಾಕ್ಟರಮ್ಮ ತಡೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಗಂಟಲಿನಿಂದ ತೆಗೆದ ಕಫವನ್ನು ಲ್ಯಾಬಿಗೆ ಕಳಿಸುತ್ತೇನೆ ಎಂದಷ್ಟೇ ಹೇಳಿ, ಪೆಟ್ಟಿಗೆಯನ್ನು ಬೆಚ್ಚಗಿಡಿ ಅಂದರು. ವೈರಸ್ ಆಗಿದ್ದರೆ ಹಾವಿಗೆ ಮದ್ದಿಲ್ಲ, ಬ್ಯಾಕ್ಟೀರಿಯಾ ಆಗಿದ್ದರೆ ಇದೆ. ಅದನ್ನು ನನ್ನ ಕಿವಿಯಲ್ಲಿ ಮಾತ್ರ ಹೇಳಿದರು.

ಲ್ಯಾಬಿನಿಂದ ಬ್ಯಾಕ್ಟೀರಿಯಾ ಎಂದು ಬಂದ ದಿನ ನನಗೆ ಫೋನು ಮಾಡಿದರು. "ಅಜ್ಜಿ, ನಿಮ್ಮ ಗೆಳತಿ ದೀಪಾ ಹಚ್ಚೂದು ಎಷ್ಟೊತ್ತಿಗೆ?" ನಾನು ವತ್ಸಲಳಿಗೆ, ದೀಪ ಹಚ್ಚೋ ಹೊತ್ತಿಗೆ ಬಂದ ಹೆಣ್ಣುಮಗಳನ್ನ ಹೊರಗೆ ನಿಲ್ಲಿಸಬಾರದು, ಮಹಾಲಕ್ಷ್ಮಿ ಹೊರಟುಹೋಗ್ತಾಳೆ ಎಂದು ಮೊದಲೇ ಹೆದರಿಸಿಟ್ಟೆ.

ಡಾಕ್ಟರಮ್ಮ ಬಂದರು. ಸ್ನೋ ಬೂಟು ಕಳಚಿ, ಕಾಲು ತೊಳೆದು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ನಾನು ಕಂಡ ಅವರ ಚಿತ್ರಗಳಲ್ಲಿ ಕಣ್ಣಿನಲ್ಲಿ ಉಳಿದಿರುವುದು ಇದು. ದಿನವಿಡೀ ದುಡಿದು ಬಂದ ಮನುಷ್ಯೆ, ಸೊಂಟ ನೋವು ಬೇರೆ, ಅಷ್ಟುದ್ದದ ಸ್ತೋತ್ರವನ್ನು ಒಮ್ಮೆಯೂ ಗಡಿಯಾರ ನೋಡದೆ ಕೇಳಿದರು. ವತ್ಸಲ ಮೊದಲು ಪೆಟ್ಟಿಗೆಗೆ ಶಾಖ ಕೊಡುವ ಕೆಂಪು ಬಲ್ಬು ಆರಿಸಿದಳು, ದೇವರ ದೀಪದ ಮುಂದೆ ಇನ್ನೊಂದು ಬೆಳಕು ಬೇಡವೆಂದು. ಧೂಪ ಹಾಕಿದಳು. ಉದ್ಧರಣೆಯಲ್ಲಿ ತೀರ್ಥ ತೆಗೆದು ಪೆಟ್ಟಿಗೆಯೊಳಗೆ ಪ್ರೋಕ್ಷಣೆ ಮಾಡಿದಳು. ಸ್ತೋತ್ರ ಅರ್ಧಕ್ಕೆ ಬರುವಷ್ಟರಲ್ಲಿ ಹಾವು ಕುತ್ತಿಗೆ ಎತ್ತಿತು. ವತ್ಸಲಳ ದನಿ ಗಟ್ಟಿಯಾಯಿತು.

ಮುಗಿದ ಮೇಲೆ ಡಾಕ್ಟರಮ್ಮ ಮೆಲ್ಲಗೆ, "ಈಗ ಸುಮ್ಮ ಕುಂಡ್ರೂಣ್ರಿ" ಅಂದರು. ಕೂತೆವು. ಹಾವು ತಲೆ ಇಳಿಸಲಿಲ್ಲ.

"ಸ್ತೋತ್ರ ಮುಗೀತಲ್ರಿ, ಅಕ್ಕಾರ."

"ಇನ್ನೂ ಬೇಕು ಅಂತಿದಾರೆ," ಅಂದಳು ವತ್ಸಲ. ಬಿಡುವವಳಲ್ಲ.

ಡಾಕ್ಟರಮ್ಮ ಪೆಟ್ಟಿಗೆಯೊಳಗೆ ಕೈಯಿಟ್ಟು ತಳದಲ್ಲಿ ಹಾಸಿದ್ದ ಮರದ ಚೂರುಗಳನ್ನು ಮುಟ್ಟಿ ನೋಡಿದರು. ತಣ್ಣಗೆ, ಒದ್ದೆ. ಅದರೊಳಗಿಂದ ಕೊಳೆತ ತುಳಸಿ ಎಲೆಗಳನ್ನು ಒಂದೊಂದಾಗಿ ಆಯ್ದು ಅಂಗೈಯಲ್ಲಿಟ್ಟುಕೊಂಡರು. ಸಂಜೆಯೇ ಯಾಕೆ ತಲೆ ಎತ್ತುತ್ತದೆ ಎಂದು ನನಗೂ ಆಗ ಹೊಳೆಯಿತು. ಬಲ್ಬು ಆರಿ ಚಳಿ ಏರುವ, ಹೊಗೆ ತುಂಬುವ ಹೊತ್ತು ಅದು. ಡಾಕ್ಟರಮ್ಮ ತುಳಸಿಯನ್ನು ನೋಡುತ್ತಾ, "ದೇವರಿಗೆ ತಡ್ಕೊಳ್ಳೂ ತಾಕತ್ತು ಐತ್ರಿ, ಇವರಿಗಿಲ್ಲ" ಅಂದರು, ಅಷ್ಟೇ.

ಆಮೇಲೆ ಒದ್ದೆ ಬಟ್ಟೆ ಹೊದಿಸಿ, ಸ್ಟೆತಸ್ಕೋಪಿನ ಕಿವಿಗಳನ್ನು ತಾವು ಹಾಕಿಕೊಳ್ಳದೆ ವತ್ಸಲಳ ಕಿವಿಗೆ ಸಿಕ್ಕಿಸಿದರು.

ಅವಳು ಕೇಳಿದಳು. ಮುಖ ಹಾಗೇ ಕಲ್ಲಾಯಿತು. ಅನ್ನ ಕುದಿಯುವಾಗ ಕೊನೆಗೆ ಗಂಜಿ ಗುಳುಗುಳು ಅನ್ನುತ್ತದಲ್ಲ, ಆ ಸದ್ದು. ನನಗೂ ಆಮೇಲೆ ಕೇಳಿಸಿದರು. ಆದರೆ ನನಗೆ ಅದು ಬರೀ ಸದ್ದು. ಅವಳು ಆಸ್ಪತ್ರೆಯಲ್ಲಿ ಗಂಡನ ಎದೆಯ ಮೇಲೆ ಕಿವಿಯಿಟ್ಟು ಮಲಗಿದ್ದವಳು.

"ಇದು ನನಗೆ ಗೊತ್ತು," ಅಂದಳು. ಕಿವಿಯಿಂದ ಅದನ್ನು ತೆಗೆದು ಡಾಕ್ಟರಮ್ಮನ ಮಡಿಲಲ್ಲಿಟ್ಟಳು. "ಸೂಜಿ ಎಲ್ಲಿ ಹಾಕ್ಬೇಕು, ತೋರಿಸಿ."

ಡಾಕ್ಟರಮ್ಮನಿಗೆ ಮೇಷ್ಟ್ರು ಹೋದದ್ದು ಹೇಗೆಂದು ನಾವು ಯಾರೂ ಹೇಳಿರಲಿಲ್ಲ. ಕೆಳಗಿಳಿದು ಕಾರಿನ ಹತ್ತಿರ ಹೋಗುವಾಗ ನಾನು ಹೇಳಿದೆ. ಅವರು ಬೂಟಿನ ಲೇಸು ಕಟ್ಟಲು ಬಗ್ಗಿದವರು ಏಳಲೇ ಇಲ್ಲ. "ಮದಲ ಹೇಳಬಾರದೇನಜ್ಜಿ," ಅಂದರು. "ಗೊತ್ತಿದ್ರ ನಾ ಆಕೀ ಕಿವಿಗೆ ಹಚ್ತಿದ್ದಿಲ್ಲ." ಹಚ್ಚದಿದ್ದರೆ ಹಾವು ಉಳಿಯುತ್ತಿರಲಿಲ್ಲವಲ್ಲ ಎಂದೆ. ಅವರು ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದರು. ತಾವು ಸರಿ ಎಂದು ಗೊತ್ತಾದಾಗಲೂ ಸಮಾಧಾನ ಪಡದ ಇಂಥ ಜನರನ್ನು ನಾನು ಹೆಚ್ಚು ಕಂಡಿಲ್ಲ.

ಮೂರು ದಿನಕ್ಕೊಮ್ಮೆ ಸೂಜಿ. ಚುಚ್ಚುವುದನ್ನು ಬದನೆಕಾಯಿಯ ಮೇಲೆ ಕಲಿಸಿದರು. ಮೈಯ ಮುಂಭಾಗದಲ್ಲೇ ಕೊಡಬೇಕು, ಹಿಂದೆ ಕೊಟ್ಟರೆ ಔಷಧಿ ಮೊದಲು ಮೂತ್ರಪಿಂಡಕ್ಕೆ ಹೋಗಿ ಸೋರಿಹೋಗುತ್ತದಂತೆ. ತುಂಬಿಸಿಟ್ಟ ಸೂಜಿಗಳು ಫ್ರೀಜರಿನಲ್ಲಿ ಇರಬೇಕು. ಇಲಿಯ ಪಕ್ಕ ಔಷಧಿ ಬೇಡವೆಂದು ವತ್ಸಲ ಅಡುಗೆಮನೆಯ ಫ್ರೀಜರಿನಲ್ಲಿ, ತೆಂಗಿನ ತುರಿಯ ಪೊಟ್ಟಣದ ಮೇಲೆ ಇಟ್ಟಳು. ನಾನು ಹಿಡಿದುಕೊಳ್ಳುವುದು, ಅವಳು ಚುಚ್ಚುವುದು. ಕೆಂಪು ಬಲ್ಬು ಆರಿಸುವುದು ನಿಂತಿತು. ತೀರ್ಥ ಗಿಡಕ್ಕೆ, ಧೂಪ ಹೊರಗಿನ ಜಗಲಿಗೆ. ಹಾವು ಸುಧಾರಿಸಿತು ಎಂದು ಅದು ಇಲಿ ತಿನ್ನುವವರೆಗೆ ನಂಬಬೇಡಿ, ಔಷಧಿ ನಡುವೆ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು.

ಒಂದು ಸಂಜೆ ಸ್ತೋತ್ರ ಮುಗಿಯಿತು, ಹಾವು ತಲೆ ಎತ್ತಲಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದ ಮಡಕೆಯ ಓಡಿನ ಅಡಿಯಲ್ಲಿ ಸುತ್ತಿಕೊಂಡು ಮಲಗಿತ್ತು. ವತ್ಸಲ ಮತ್ತೆ ಮೊದಲಿನಿಂದ ಶುರು ಮಾಡಿದಳು. ಎರಡನೇ ಸಲವೂ ಮುಗಿಸಿ, ಊಟಕ್ಕೆ ಏಳದೆ ಪೆಟ್ಟಿಗೆಯ ಮುಂದೆಯೇ ಕೂತಳು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ, ಇವತ್ತು ಎತ್ತಲಿಲ್ಲ ಎಂದೆ. ಅವರು, "ಆಕಿ ಉಂಡಾಳೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ರೊಟ್ಟಿಯ ಗಂಟು ಹಿಡಿದುಕೊಂಡು ಬಂದರು. ಹಾವಿನ ಕಡೆ ಆ ದಿನ ಅವರು ತಿರುಗಿಯೂ ನೋಡಲಿಲ್ಲ. ವತ್ಸಲಳ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು, ಮುಗಿಸುವವರೆಗೆ.

ಹೋದ ತಿಂಗಳು ಕ್ಲಿನಿಕ್ಕಿನ ಹುಡುಗಿ ಫೋನು ಮಾಡಿ ಡಾಕ್ಟರಮ್ಮ ಮಲಗಿದಲ್ಲೇ ಹೋದರು ಎಂದು ತಿಳಿಸಿದಳು. ಫ್ಯೂನರಲ್ ಹೋಮಿನಲ್ಲಿ ನಮ್ಮವರು ಕಡಿಮೆ, ಗಿಳಿಯವರು ಮೊಲದವರು ಜಾಸ್ತಿ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ, ಬಾಗಿಲಲ್ಲಿ ಹಿಡಿಸದಂಥ ಒಬ್ಬ ಗಂಡಸು ನನ್ನ ಪಕ್ಕ ಕೂತಿದ್ದ. ಹಲ್ಲಿ ಸಾಕಿದವನಂತೆ. ನಾನು ಅವರ ಕಡೆಯವಳು ಎಂದು ತಿಳಿದು, "ವಾಟ್ ಈಸ್ ತಮ್ಮ? ಶೀ ಆಲ್ವೇಸ್ ಕಾಲ್ಡ್ ಮಿ ದಟ್" ಎಂದು ಕೇಳಿದ. ಲಿಟ್ಲ್ ಬ್ರದರ್ ಎಂದೆ. ಅವನು ತಲೆ ತಗ್ಗಿಸಿ, ದೊಡ್ಡ ಅಂಗೈಗಳನ್ನು ಮೊಣಕಾಲ ನಡುವೆ ಸೇರಿಸಿಕೊಂಡ.

ಅಲ್ಲಿಂದ ನಾನೂ ವತ್ಸಲಳೂ ಅವಳ ಮನೆಗೆ ಬಂದು ಸ್ನಾನ ಮಾಡಿದೆವು. ಅವಳು ದೀಪ ಹಚ್ಚಿ, ಡಾಕ್ಟರಮ್ಮನ ಹೆಸರಿನಲ್ಲಿ ಇಡೀ ಸ್ತೋತ್ರ ಹೇಳಿದಳು. ಹಾವು ಓಡಿನಡಿಯಲ್ಲಿ ಮಲಗಿತ್ತು, ಬಾಲದ ತುದಿ ಮಾತ್ರ ಕಾಣುತ್ತಿತ್ತು. ದುಃಖ ಬಂದಾಗ ನನಗೆ ಬಾಯಿ ಸುಮ್ಮನಿರುವುದಿಲ್ಲ.

"ಜೀವ ಉಳಿಸಿದೋರಿಗೋಸ್ಕರ ಆದ್ರೂ ಇವತ್ತೊಂದಿನ ತಲೆ ಎತ್ತಬಾರದಿತ್ತೇನೇ ನಿನ್ನ ಯಜಮಾನ್ರು?" ಎಂದೆ.

ವತ್ಸಲ ದೀಪದ ಬತ್ತಿ ಸರಿಮಾಡುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಇಷ್ಟು ವರ್ಷ ಸಂಸಾರ ಮಾಡಿದೀನಿ ಕಣೇ. ನಾನು ಸ್ತೋತ್ರ ಹೇಳುವಾಗ ಅವರು ಒಂದು ದಿನ ಪೇಪರ್ ಬಿಟ್ಟು ತಲೆ ಎತ್ತಿದೋರಲ್ಲ. ಎತ್ತಿದಾಗ್ಲೇ ನನಗೆ ಅನುಮಾನ ಬರ್ಬೇಕಿತ್ತು."